ಫೇಲಾದ ಹುಡುಗರ ಬೊಂಬಾಯಿ

ಗಂಡುಮಕ್ಕಳು ಹಿಂದೆ ಬೀಳುತ್ತಿದ್ದಾರೆ ಎಂಬ ಮಾತು ಈಗೀಗ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಸುತ್ತಿದೆ. ಉಡುಪಿ ಜಿಲ್ಲೆಯ ನಿಟ್ಟೆಯ ಆಸುಪಾಸಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದ ನನಗೆ ಇದು ಹೊಸ ಸುದ್ದಿಯಲ್ಲ. ಗಣಿತ, ಇಂಗ್ಲಿಷಿನಲ್ಲಿ ಫೇಲಾದ ಹುಡುಗರು ನಮ್ಮಲ್ಲಿ ಯಾವತ್ತೂ ಇದ್ದರು. ಮಳೆ ಹಿಡಿಯುವ ಹೊತ್ತಿಗೆ ಅವರು ಊರಿನಲ್ಲಿ ಕಾಣುತ್ತಿರಲಿಲ್ಲ, ಅಷ್ಟೆ. ಬೊಂಬಾಯಿಗೆ ಹೋಗಿರುತ್ತಿದ್ದರು. ಕಣ್ಣೆದುರು ಇಲ್ಲದವನು ಹಿಂದೆ ಬಿದ್ದನೋ ಮುಂದೆ ಹೋದನೋ ಎಂದು ಯಾರು ನೋಡುತ್ತಾರೆ?

ಹುಟ್ಟಿದ ಮನೆಯಲ್ಲಿ ಗಂಡಿಗೆ ಗಟ್ಟಿ ನೆಲೆಯಿಲ್ಲದಿರುವುದು ನಮ್ಮ ತುಳುನಾಡಿಗೆ ಹಳತೇ. ಬಂಟರು, ಬಿಲ್ಲವರು, ಮೊಗವೀರರು ಅಳಿಯಸಂತಾನದವರು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಬರಿ (ಕುಲದ ಹೆಸರು) ತಾಯಿಯದ್ದು, ಆಸ್ತಿ ಇಳಿಯುತ್ತಿದ್ದದ್ದೂ ತಾಯಿಯ ಕಡೆಯಿಂದ. ಗಂಡಸು ಗೇಯುತ್ತಿದ್ದದ್ದು ಅಕ್ಕತಂಗಿಯರ ಮಕ್ಕಳಿಗೆ. ಸ್ವಂತ ಮಗನಿಗೆ ಅವನ ಕುಟುಂಬದ ಗದ್ದೆಯಲ್ಲಿ ಒಂದು ಮುಡಿಯಷ್ಟೂ ಹಕ್ಕಿರಲಿಲ್ಲ. ಪಾಲು ಕೊಡಿ ಎಂದು ಕೋರ್ಟಿಗೆ ಹೋದವರಿಗೆ, ಒಬ್ಬರ ಹಟಕ್ಕೆ ಕುಟುಂಬ ಒಡೆಯಲಾಗದು ಎಂದು ಮದ್ರಾಸ್ ಹೈಕೋರ್ಟು 1863ರಲ್ಲೇ ಹೇಳಿಬಿಟ್ಟಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದ ಮೇಲೆ ಪಾಲು ಕೇಳುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಗಂಡಸಿನ ಪಾಲು ಹೆಂಡತಿ ಮಕ್ಕಳಿಗೂ ಸಲ್ಲತೊಡಗಿತು.

ನಿಟ್ಟೆಯವರಿಗೆ ಈ ಅಳಿಯಸಂತಾನವನ್ನು ತಿಳಿಯಲು ಕಾಯಿದೆ ಪುಸ್ತಕ ಬೇಡ. ಇಲ್ಲಿನ ವಿದ್ಯಾಸಂಸ್ಥೆಗಳನ್ನು ಕಟ್ಟಿದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಹೆಸರಿನ ಮುಂದಿರುವುದು ಕೌಡೂರು. ಅವರ ಮಕ್ಕಳು ಸಂತೋಷ್ ಹೆಗ್ಡೆ, ವಿನಯ ಹೆಗ್ಡೆ ಇಬ್ಬರ ಹೆಸರಿನ ಮುಂದೆಯೂ ನಿಟ್ಟೆ, ತಾಯಿಯ ಊರು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ, 1977ರಲ್ಲಿ ಲೋಕಸಭೆಯ ಸ್ಪೀಕರೂ ಆದವರ ಮನೆಯಲ್ಲೇ ಹೀಗೆ.

ಇಷ್ಟು ಕೇಳಿ ಇದು ಹೆಣ್ಣಾಳುವ ರಾಜ್ಯವಾಗಿತ್ತೆಂದು ಬೀಗುವುದು ಬೇಡ. ಹಿರಿಯ ಹೆಂಗಸು ಯಜಮಾನ್ತಿಯಾಗುವುದು ಇತ್ತು, ನಿಜ. ಆದರೆ ಅಕ್ಕಿಯ ಕೋಣೆಯ ಬೀಗದ ಕೈ ಹೆಚ್ಚಾಗಿ ಇರುತ್ತಿದ್ದದ್ದು ಸೋದರಮಾವನ ಸೊಂಟದಲ್ಲಿ. ಗೇಣಿಗೆ ಗದ್ದೆ ಮಾಡಿದ ನಮ್ಮಂಥವರ ಮನೆಗಳಲ್ಲಂತೂ ಅಳಿಯನಿಗೂ ಮಗನಿಗೂ ಸಿಗುತ್ತಿದ್ದದ್ದು ಒಂದೇ: ಏನೂ ಇಲ್ಲ.

ಹಾಗಾಗಿ ಹುಡುಗರು ಹೊರಟರು. ಬೊಂಬಾಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಸಣ್ಣ ಪ್ರಾಯದಲ್ಲೇ ಊರು ಬಿಟ್ಟು ಹೋಟೆಲಿನ ಅಡುಗೆಮನೆಯಲ್ಲಿ ದುಡಿದ ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹೋಟೆಲಿನಲ್ಲಿ ಮಾರ್ಕ್ಸ್ ಕಾರ್ಡ್ ಕೇಳುವವರಿಲ್ಲ. ಮೊದಲು ಟೇಬಲ್ ಒರೆಸುವ ಕ್ಲೀನರ್, ಆಮೇಲೆ ಮಾಣಿ, ನಂಬಿಕೆ ಹುಟ್ಟಿದರೆ ಹಣದ ಗಲ್ಲೆ. ಓದು ಬೇಕೆನಿಸಿದವನಿಗೆ ಕನ್ನಡದ ರಾತ್ರಿ ಶಾಲೆಗಳಿದ್ದವು. ಮೊಗವೀರ ಮಂಡಳಿಯೇ ಒಂದು ರಾತ್ರಿ ಹೈಸ್ಕೂಲು ನಡೆಸುತ್ತಿತ್ತು. ಊರಿನಲ್ಲಿ ಫೇಲಾದ ನನ್ನಣ್ಣ ಅಂಥದೇ ಒಂದು ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿ ಗಲ್ಲೆಯಲ್ಲಿ ಕೂತ. ದೈವದ ನೇಮಕ್ಕೆ ಊರಿಗೆ ಬಂದಾಗ ಅವನ ವಾಚನ್ನು ನೋಡಲು ನೆರೆಯವರು ಬರುತ್ತಿದ್ದರು. ಕ್ಲೀನರ್ ಆಗಿಯೇ ಮುದುಕರಾದವರು ನೇಮಕ್ಕೂ ಬರುತ್ತಿರಲಿಲ್ಲ. ಗೆದ್ದವರೇ ಕಣ್ಣಿಗೆ ಬೀಳುತ್ತಿದ್ದ ಕಾರಣ, ಗಂಡಸರೆಲ್ಲ ಗೆಲ್ಲುತ್ತಿದ್ದಾರೆ ಎಂದುಕೊಂಡೆವು.

ಜನಗಣತಿಯಲ್ಲಿ ಈ ವಲಸೆ ಅಚ್ಚೊತ್ತಿದೆ. ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 2001ರಲ್ಲಿ 1130 ಹೆಂಗಸರಿದ್ದರು, 2011ರಲ್ಲಿ 1094. ಆರು ವರ್ಷದೊಳಗಿನ ಮಕ್ಕಳಲ್ಲಾದರೆ ಸಾವಿರ ಗಂಡಿಗೆ ಹೆಣ್ಣು 958 ಮಾತ್ರ. ಹುಟ್ಟುವಾಗ ಹೆಚ್ಚಿದ್ದ ಗಂಡು ಬೆಳೆದ ಮೇಲೆ ಎಲ್ಲಿಗೆ ಹೋಯಿತು ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ.

ಹುಡುಗಿಯರಿಗೆ ಬೊಂಬಾಯಿ ಇರಲಿಲ್ಲ. ಫೇಲಾದರೆ ತೊಡೆಯ ಮೇಲೆ ಬೀಡಿ ಕಟ್ಟುವ ತಡ್ಪೆ (ಮೊರ), ಕೈಯಲ್ಲಿ ಕತ್ತರಿ, ಸಂಜೆ ಕಂಪನಿಯ ಬ್ರಾಂಚಿಗೆ ಹೋಗಿ ಬೀಡಿ ಕೊಡುವುದು. ನನ್ನ ಅಮ್ಮ ಬೀಡಿ ಕಟ್ಟಿದವರು. 1966ರ ಬೀಡಿ ಕಾರ್ಮಿಕರ ಕಾಯಿದೆಯ ನಂತರ ಲಾಗ್‌ಬುಕ್ಕು, ಪಿ.ಎಫ್. ಬಂದವು, ಮಕ್ಕಳಿಗೆ ವಿದ್ಯಾರ್ಥಿವೇತನವೂ ಬಂತು. ಅಣ್ಣನ ಮನಿಯಾರ್ಡರು ಮನೆಯ ಹೆಂಚಿಗೆ ಹೋಯಿತು. ನನ್ನ ಫೀಸಿಗೆ ಆದದ್ದು ಅಮ್ಮನ ಬೀಡಿ. ನಾನು ಬುದ್ಧಿವಂತೆಯಾಗಿದ್ದೆ ಎಂದೇನಲ್ಲ, ತಡ್ಪೆಯ ಹೆದರಿಕೆಗೆ ಓದಿದೆ. ನನ್ನ ಕ್ಲಾಸಿನ ಹುಡುಗಿಯರಲ್ಲೂ ಅದೇ ಹೆದರಿಕೆಯನ್ನು ಎಷ್ಟೋ ವರ್ಷ ಕಂಡಿದ್ದೇನೆ. ಹುಡುಗರಿಗೆ ಮಾತ್ರ ಒಬ್ಬ ಮಾವ, ಒಂದು ಹೋಟೆಲು ಎಲ್ಲಿಯೋ ಕಾದಿರುತ್ತಿತ್ತು.

ಈಗ ಆ ಮಾವನ ಮಕ್ಕಳು ಎಂಜಿನಿಯರುಗಳು. ಹೋಟೆಲಿನ ಕೆಲಸಕ್ಕೆ ಉತ್ತರದ, ಈಶಾನ್ಯದ ಹುಡುಗರು ಬಂದಿದ್ದಾರೆ. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್, 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಊರಿನ ದಾರಿಯೇ ತಿರುಗಿತು; ಮುಂದೆ ಹೋಗುವುದೆಂದರೆ ಡಿಗ್ರಿ ಎಂದಾಯಿತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರು ಶೇ. 81ರಷ್ಟು ಪಾಸಾದರೆ ಹುಡುಗರು ಶೇ. 66ರ ಹತ್ತಿರ ನಿಂತರು. ಶೇ. 94 ಪಡೆದು ಉಡುಪಿ ಜಿಲ್ಲೆ ಮೊದಲಾಯಿತು, ನಾವು ಸ್ವೀಟು ಹಂಚಿದೆವು. ಪಾಸಾಗದ ಹುಡುಗರು ಈಗ ಊರಿನಲ್ಲೇ ಇದ್ದಾರೆ. ಒಂದು ದಿನ ಕ್ಯಾಟರಿಂಗು, ಒಂದು ದಿನ ಶಾಮಿಯಾನ, ಮತ್ತೊಂದು ದಿನ ಬೈಕಿನ ಸಾಲದ ಕಂತು ಕಟ್ಟಲು ಪಾರ್ಸೆಲ್ ಹಂಚುವುದು. ಇವರ ಅಜ್ಜಂದಿರಿಗೂ ಇಷ್ಟೇ ಮಾರ್ಕು ಬಂದದ್ದು.

ಊರಿನ ಸಂಘಗಳ ವಾರ್ಷಿಕೋತ್ಸವದಲ್ಲಿ ರ‍್ಯಾಂಕ್ ಬಂದವರಿಗೆ ಶಾಲು, ಹಾರ, ನಗದು ಬಹುಮಾನ. ಬೊಂಬಾಯಿಯಲ್ಲಿ ನಮ್ಮವರು ರಾತ್ರಿ ಶಾಲೆ ನಡೆಸಿದ್ದು ರ‍್ಯಾಂಕಿನವರಿಗಲ್ಲವಲ್ಲ, ಫೇಲಾದವರಿಗೂ ಏನಾದರೂ ಮಾಡಬಾರದೇ ಎಂದು ಒಮ್ಮೆ ಕೇಳಿದೆ. ಕಾರ್ಯದರ್ಶಿಗಳು ನಕ್ಕರು. "ಅವರ ಲಿಸ್ಟ್ ಎಲ್ಲಿ ಸಿಗ್ತದೆ ಟೀಚರೇ?"

ಲಿಸ್ಟ್ ಪ್ರತಿ ಶಾಲೆಯ ಆಫೀಸಿನಲ್ಲೂ ಉಂಟು.