ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದರೆ ಯಾಕೆ ಸರಿಹೋಗುತ್ತದೆ? ಕಂಪ್ಯೂಟರಿನೊಳಗಿನ ಕೂಗಿನ ಕಥೆ

ನಾವು ಡಿಪ್ಲೊಮಾ ಮುಗಿಸಿ ತಾಲ್ಲೂಕಿನಿಂದ ಸುದ್ದಿ ಕಳಿಸಲು ಶುರು ಮಾಡಿದ ಹೊಸತು. ಮೂವರು ದುಡ್ಡು ಹಾಕಿ ಕೊಂಡ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೇ ನಮ್ಮ ಬಂಡವಾಳ. ಅದರಲ್ಲಿ ಲಿನಕ್ಸ್ ಹಾಕಿಕೊಂಡಿದ್ದೆವು. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆಗೆ ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ ಕೆಟ್ಟುಹೋಯಿತು. ಹಳೆಯ ನೆಟ್‌ವರ್ಕ್ ಕಾರ್ಡ್ ಒಂದನ್ನು ತಂದು ಒಳಗಿನ ಸ್ಲಾಟಿಗೆ ಕೂರಿಸಿದೆವು. ನೆಟ್ ಬಂದಂತೆ ಮಾಡಿ ಮಾಯವಾಯಿತು. ಪರದೆಯ ಮೇಲೆ ಒಂದು ಸಾಲು ನಿಂತಿತು: "ಐಆರ್‌ಕ್ಯೂ 18: ನೋಬಡಿ ಕೇರ್ಡ್". ಅಂದರೆ, 18ನೇ ಕರೆಯನ್ನು ಯಾರೂ ವಿಚಾರಿಸಲಿಲ್ಲ.

ಅವತ್ತಿನ ಸುದ್ದಿ ಹೋಗಲಿಲ್ಲ. ಸುದ್ದಿಗಿಷ್ಟು ಎಂದು ಲೆಕ್ಕ ಹಾಕಿ ದುಡ್ಡು ಕೊಡುವ ಕೆಲಸದಲ್ಲಿ ಹೋಗದ ಸುದ್ದಿಗೆ ಬೆಲೆ ಇಲ್ಲ. ಮರುದಿನ ರಿಪೇರಿಯವರು ಫೋನಿನಲ್ಲೇ ಹೇಳಿದರು: "ಕಾರ್ಡ್ ಕಿತ್ತು ಪಕ್ಕದ ಸ್ಲಾಟಿಗೆ ಹಾಕಿ ನೋಡಿ ಸರ್." ಹಾಕಿದೆವು. ನಡೆಯಿತು. ಅದೇ ಕಾರ್ಡು, ಅದೇ ಕಂಪ್ಯೂಟರು, ಬರೀ ಜಾಗ ಬೇರೆ. ಯಾಕೆ ಹೀಗೆ ಎಂದು ಅವರನ್ನು ಕೇಳಿದರೆ, "ಅದು ಹಾಗೇ ಸರ್" ಎಂದರು. ಆ "ಯಾಕೆ"ಯನ್ನು ಹುಡುಕಿಕೊಂಡು ಹೋದಾಗ ನಮಗೆ ಸಿಕ್ಕ ಇತಿಹಾಸ ಇದು.

ಒಲೆಯ ಮೇಲೆ ಕುಕ್ಕರ್ ಇಟ್ಟವರು ಅದರ ಮುಂದೆಯೇ ಕೂರುವುದಿಲ್ಲ. ಬೇರೆ ಕೆಲಸ ಮಾಡುತ್ತಿರುತ್ತಾರೆ, ಕೂಗಿದಾಗ ಎದ್ದು ಬರುತ್ತಾರೆ. ಕಂಪ್ಯೂಟರಿನ ಪ್ರೊಸೆಸರ್ ಕೂಡ ಹಾಗೆಯೇ. ಕೀಲಿಮಣೆ, ಡಿಸ್ಕ್, ನೆಟ್‌ವರ್ಕ್ ಕಾರ್ಡುಗಳು ತಮಗೆ ಬೇಕಾದಾಗ ಕೂಗುತ್ತವೆ. ಈ ಕೂಗಿಗೆ ಇಂಟರಪ್ಟ್ ಎಂದು ಹೆಸರು. ಕೂಗು ಕೇಳಿ ಯಾರದೆಂದು ಪತ್ತೆ ಹಚ್ಚುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು.

ಈ ಏರ್ಪಾಡು 1950ರ ದಶಕದ್ದು. ನೆದರ್‌ಲೆಂಡ್ಸ್‌ನಲ್ಲಿ ಎಕ್ಸ್1 ಎಂಬ ಯಂತ್ರಕ್ಕೆ ಇಂಟರಪ್ಟ್ ಸಂಭಾಳಿಸುವ ಪ್ರೋಗ್ರಾಂ ಬರೆದ ಎಡ್ಸ್‌ಗರ್ ಡೈಕ್‌ಸ್ಟ್ರಾ, 1959ರಲ್ಲಿ ಅದನ್ನೇ ತಮ್ಮ ಪಿಎಚ್‌ಡಿ ಪ್ರಬಂಧದ ವಿಷಯ ಮಾಡಿಕೊಂಡರು. ಮೊದಲು ಅವರಿಗೆ ಇದರ ಬಗ್ಗೆ ಭಯವೇ ಇತ್ತು. ಕೂಗು ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳಲಾಗದು. ಹಾಗಾಗಿ ಒಮ್ಮೆ ಆದ ತಪ್ಪನ್ನು ಮತ್ತೆ ಮಾಡಿಸಿ ನೋಡಿ ತಿದ್ದುವುದೂ ಕಷ್ಟ.

1981ರಲ್ಲಿ ಐಬಿಎಂ ಪಿಸಿ ಬಂತು. ಕೂಗು ಕೇಳಲು ಅದರಲ್ಲಿ ಇಂಟೆಲ್‌ನ 8259 ಎಂಬ ಒಂದು ಚಿಪ್ಪು, ಅದಕ್ಕೆ 8 ಲೈನು. 1984ರ ಪಿಸಿ ಎಟಿಯಲ್ಲಿ ಇನ್ನೊಂದು ಚಿಪ್ಪನ್ನು ಮೊದಲಿನದಕ್ಕೆ ಜೋಡಿಸಿದರು. ಜೋಡಣೆಗೇ ಒಂದು ಲೈನು ಹೋಗಿ 15 ಉಳಿದವು. ಗಡಿಯಾರಕ್ಕೆ 0, ಕೀಲಿಮಣೆಗೆ 1, ಫ್ಲಾಪಿಗೆ 6, ಹಾರ್ಡ್ ಡಿಸ್ಕಿಗೆ 14. ಹೀಗೆ ಮೊದಲೇ ಹಂಚಿಹೋದ ಮೇಲೆ ಹೊಸ ಕಾರ್ಡಿಗೆ ಉಳಿಯುತ್ತಿದ್ದುದು ಕೆಲವೇ ಕೆಲವು.

ಆ ಕಾಲದ ಕೂಗು ಮಿಸ್ಡ್ ಕಾಲ್ ಇದ್ದ ಹಾಗೆ, ಒಂದು ಸಲ ಮಿಡಿದು ಸುಮ್ಮನಾಗುತ್ತಿತ್ತು. ಒಂದೇ ಲೈನಿನಲ್ಲಿ ಇಬ್ಬರು ಒಟ್ಟಿಗೆ ಮಿಡಿದರೆ ಒಬ್ಬರದು ಕಳೆದೇ ಹೋಗಬಹುದು. ಆದ್ದರಿಂದ ಒಂದು ಲೈನು ಒಬ್ಬರಿಗೇ. ಕಾರ್ಡಿನ ಮೇಲಿನ ಪುಟ್ಟ ಜಂಪರ್ ಕಿತ್ತು ಬೇರೆ ಕಡೆ ಚುಚ್ಚಿ ಕೈಯಾರೆ ಲೈನು ಆರಿಸಬೇಕಿತ್ತು. ಸೌಂಡ್ ಕಾರ್ಡ್ ಹಾಕಿದರೆ ಪ್ರಿಂಟರ್ ಮುಷ್ಕರ ಹೂಡುತ್ತಿದ್ದುದು ಇದರಿಂದಲೇ.

1992ರಲ್ಲಿ ಇಂಟೆಲ್ ಪಿಸಿಐ ಎಂಬ ಹೊಸ ಬಸ್ ತಂದಿತು. ಬಸ್ ಅಂದರೆ ಕೆಂಪು ಬಸ್ಸಲ್ಲ, ಕಾರ್ಡುಗಳೆಲ್ಲ ಹಂಚಿಕೊಳ್ಳುವ ತಂತಿಗಳ ದಾರಿ. ಪಿಸಿಐ ಸ್ಲಾಟಿಗೆ ಎ, ಬಿ, ಸಿ, ಡಿ ಎಂದು ನಾಲ್ಕು ಇಂಟರಪ್ಟ್ ಪಿನ್ನುಗಳು. ಇಲ್ಲಿ ಕೂಗಿನ ರೀತಿಯೇ ಬದಲಾಯಿತು. ಯಾರಾದರೂ ಬಂದು ವಿಚಾರಿಸುವ ತನಕ ಕಾರ್ಡು ಲೈನನ್ನು ಎಳೆದು ಹಿಡಿದಿರುತ್ತದೆ. ಹಾಗಾಗಿ ಒಂದೇ ಲೈನನ್ನು ಹಲವರು ಹಂಚಿಕೊಂಡರೂ ಯಾರ ಕೂಗೂ ಕಳೆಯುವುದಿಲ್ಲ. ಕರ್ನಲ್ ಆ ಲೈನಿನಲ್ಲಿರುವ ಒಬ್ಬೊಬ್ಬ ಡ್ರೈವರನ್ನೂ "ನಿನ್ನದಾ?" ಎಂದು ಕೇಳುತ್ತಾ ಹೋಗುತ್ತದೆ.

ಆದರೆ ಒಂದೇ ಕೆಲಸದ ಕಾರ್ಡುಗಳೆಲ್ಲ ಬಳಸುವುದು ಎ ಪಿನ್ನನ್ನೇ. ಎಲ್ಲಾ ಸ್ಲಾಟುಗಳ ಎ ಪಿನ್ನನ್ನು ಒಂದೇ ತಂತಿಗೆ ಕಟ್ಟಿದರೆ ಉಳಿದ ಮೂರು ತಂತಿ ದಂಡ. ನಮ್ಮೂರುಗಳಲ್ಲಿ ಲೈನ್‌ಮ್ಯಾನ್ ಇಡೀ ಬೀದಿಯನ್ನು ಒಂದೇ ಫೇಸಿಗೆ ಕೊಟ್ಟರೆ ಏನಾಗುತ್ತದೆ ಗೊತ್ತಲ್ಲ? ಬಲ್ಬು ಮಿಣಮಿಣ. ಅದಕ್ಕೇ ಈ ಮನೆ ಒಂದು ಫೇಸಿಗೆ, ಪಕ್ಕದ್ದು ಇನ್ನೊಂದಕ್ಕೆ ಎಂದು ಹಂಚುತ್ತಾರೆ. ಪಿಸಿಐ ಬೋರ್ಡುಗಳಲ್ಲೂ ಹಾಗೆಯೇ ತಂತಿಯನ್ನು ಸ್ಲಾಟಿನಿಂದ ಸ್ಲಾಟಿಗೆ ಒಂದೊಂದು ಮನೆ ಸರಿಸಿ ಕಟ್ಟಿದರು.

ಇನ್ನು ಬ್ರಿಡ್ಜ್. ಒಂದು ಬಸ್ಸಿನಲ್ಲಿ ಸ್ಲಾಟುಗಳು ಹೆಚ್ಚಾದರೆ ಸಂಕೇತ ಸೊರಗುತ್ತದೆ. ಆಗ ಬ್ರಿಡ್ಜ್ ಎಂಬ ಚಿಪ್ಪು ಹಾಕಿ ಅದರಾಚೆ ಇನ್ನೊಂದು ಬಸ್ ಹೂಡುತ್ತಾರೆ. ಮಾಹಿತಿಯೆಲ್ಲ ಬ್ರಿಡ್ಜ್ ಮೂಲಕವೇ ದಾಟುತ್ತದೆ, ಆದರೆ ಕೂಗಿನ ತಂತಿಗಳು ಅದರ ಪಕ್ಕದಿಂದ ಬೇರೆಯಾಗಿಯೇ ಹಾಯುತ್ತವೆ. ಹಾಗಾದರೆ ಬ್ರಿಡ್ಜಿನಾಚೆಯ ಕಾರ್ಡು ಕೂಗಿದರೆ ಈಚೆ ಯಾವ ತಂತಿ ಅಲುಗುತ್ತದೆ ಎಂದು ಕರ್ನಲ್‌ಗೆ ಹೇಗೆ ಗೊತ್ತಾಗಬೇಕು? ನಾಳೆ ಯಾರೋ ಬ್ರಿಡ್ಜ್ ಇರುವ ಕಾರ್ಡನ್ನೇ ತಂದು ಸಿಕ್ಕಿಸಬಹುದು. ಬೋರ್ಡ್ ಮಾಡಿದವರಿಗೆ ಅದರ ಕನಸೂ ಬಿದ್ದಿರುವುದಿಲ್ಲ.

ಇದಕ್ಕೆ ಮಾಡಿದ ನಿಯಮ ನಾಲ್ಕನೇ ಕ್ಲಾಸಿನ ಲೆಕ್ಕದಷ್ಟೇ ಸರಳ. ಎ, ಬಿ, ಸಿ, ಡಿ ಪಿನ್ನುಗಳನ್ನು 0, 1, 2, 3 ಅಂದುಕೊಳ್ಳಿ. ಪಿನ್ನಿನ ಸಂಖ್ಯೆಗೆ ಬಸ್ಸಿನಲ್ಲಿ ಆ ಕಾರ್ಡಿನ ಸ್ಥಾನಸಂಖ್ಯೆ ಕೂಡಿಸಿ, 4ರಿಂದ ಭಾಗಿಸಿ. ಉಳಿದ ಶೇಷವೇ ಬ್ರಿಡ್ಜಿನ ಈಚೆಯ ಪಿನ್ನು. 0ನೇ ಸ್ಥಾನದ ಎ ಈಚೆಗೆ ಬಂದರೂ ಎ. 1ನೇ ಸ್ಥಾನದ ಎ ಈಚೆಗೆ ಬಿ. 4ನೇ ಸ್ಥಾನದ್ದು ಸುತ್ತಿ ಬಂದು ಮತ್ತೆ ಎ. ಎರಡು ಬ್ರಿಡ್ಜ್ ದಾಟಬೇಕಿದ್ದರೆ ಮೊದಲ ಉತ್ತರಕ್ಕೆ ಆ ಬ್ರಿಡ್ಜಿನ ಸ್ಥಾನ ಕೂಡಿಸಿ ಇನ್ನೊಂದು ಸಲ ಅದೇ ಲೆಕ್ಕ. ಲಿನಕ್ಸ್ ಕರ್ನಲ್‌ನಲ್ಲಿ ಈ ಲೆಕ್ಕಕ್ಕೆ ಸ್ವಿಜಲ್ ಎಂದು ಹೆಸರು, ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕರ್ನಲ್ ಕಾರ್ಡಿನಿಂದ ಶುರುಮಾಡಿ ಬ್ರಿಡ್ಜ್ ಬ್ರಿಡ್ಜ್ ಹತ್ತುತ್ತಾ ಲೆಕ್ಕ ಹಾಕಿಕೊಂಡು ಹೋಗುತ್ತದೆ.

ಬೋರ್ಡಿನ ಮೇಲೆ ಬೆಸುಗೆ ಹಾಕಿದ ತಂತಿಗಳಿಗೆ ಮಾತ್ರ ಈ ನಿಯಮ ಸಾಲದು, ಅಲ್ಲಿ ತಯಾರಕರು ಹೇಗೆ ಬೇಕಾದರೂ ಕಟ್ಟಿರಬಹುದು. ಆದ್ದರಿಂದ ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬ ಪಟ್ಟಿಯನ್ನು ಅವರೇ ಬರೆದಿಡಬೇಕು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಹೊರತಂದ ಎಸಿಪಿಐ ಎಂಬ ಕಟ್ಟಳೆಯಲ್ಲಿ ಇಂಥ ಪಟ್ಟಿಗೂ ಜಾಗವಿದೆ. ಕೆಲವು ಬೋರ್ಡುಗಳಲ್ಲಿ ತಂತಿ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ. ಹೊಲದಲ್ಲಿರುವುದು ಒಂದು, ಪಹಣಿಯಲ್ಲಿರುವುದು ಇನ್ನೊಂದು ಎಂದು ಕಚೇರಿಗೆ ಅಲೆದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. "ಆ ಪಟ್ಟಿ ನಂಬಬೇಡ" ಎಂದು ಕರ್ನಲ್‌ಗೆ ಹೇಳುವ ಸೂಚನೆಯೂ ಲಿನಕ್ಸ್‌ನಲ್ಲಿ ಇದೆ.

ಈಗ ನಮ್ಮ ಕಂಪ್ಯೂಟರಿಗೆ ಬರೋಣ. ಅಷ್ಟು ಹೊತ್ತಿಗೆ 15 ಲೈನಿನ ಜಾಗದಲ್ಲಿ 24 ಲೈನಿನ ಚಿಪ್ಪು ಬಂದಿತ್ತು. ನಮ್ಮ 18 ಅದರಲ್ಲೊಂದು. ಸಿಡಿಲಿಗೆ ಕೆಟ್ಟ ಹಳೆಯ ನೆಟ್ ಚಿಪ್ಪು ಪೂರ್ತಿ ಸತ್ತಿರಲಿಲ್ಲ. ತನ್ನ ಲೈನನ್ನು ಎಳೆದು ಹಿಡಿದೇ ಇತ್ತು. ಅದರ ಡ್ರೈವರನ್ನು ನಾವೇ ತೆಗೆದುಹಾಕಿದ್ದೆವು. ಹೊಸ ಕಾರ್ಡು ಬಿದ್ದದ್ದೂ ಅದೇ ಲೈನಿಗೆ. ಕರ್ನಲ್ "ನಿನ್ನದಾ?" ಎಂದು ಕೇಳಿದಾಗಲೆಲ್ಲ ಹೊಸ ಕಾರ್ಡಿನ ಡ್ರೈವರ್ "ನನ್ನದಲ್ಲ" ಎನ್ನುತ್ತಿತ್ತು. ಲಿನಕ್ಸ್ 1 ಲಕ್ಷ ಕೂಗಿನವರೆಗೆ ತಾಳ್ಮೆಯಿಂದ ಎಣಿಸುತ್ತದೆ. ಅದರಲ್ಲಿ 99,900ಕ್ಕಿಂತ ಹೆಚ್ಚು ಕೂಗು ಯಾರದೂ ಅಲ್ಲವಾದರೆ, "ನೋಬಡಿ ಕೇರ್ಡ್" ಎಂದು ಬರೆದು ಆ ಲೈನನ್ನೇ ಮುಚ್ಚುತ್ತದೆ. ಇಲ್ಲದಿದ್ದರೆ ಇಡೀ ಯಂತ್ರ ಉತ್ತರ ಕೊಡುವುದರಲ್ಲೇ ಸುಸ್ತಾಗುತ್ತದೆ. ವಾರಸುದಾರರಿಲ್ಲದ ಕೂಗಿಗೆ ಹೀಗೆ ಪಕ್ಕದವನ ಬಾಯಿಯೂ ಮುಚ್ಚಿಹೋಯಿತು.

ಪಕ್ಕದ ಸ್ಲಾಟಿಗೆ ಹಾಕಿದಾಗ ಸ್ಥಾನಸಂಖ್ಯೆ ಬದಲಾಯಿತು, ಕಾರ್ಡು ಬೇರೆ ಲೈನಿಗೆ ಹೋಯಿತು. ಕೆಟ್ಟ ಚಿಪ್ಪಿನ ಲೈನನ್ನು ಬಳಸುವವರು ಯಾರೂ ಉಳಿಯದೆ ಕರ್ನಲ್ ಅದನ್ನು ತೆರೆಯಲೇ ಇಲ್ಲ. "ಅದು ಹಾಗೇ ಸರ್" ಎಂಬುದರ ಪೂರ್ತಿ ಅರ್ಥ ಇಷ್ಟು.

ಇಂದು ಈ ತಂತಿಗಳೇ ಇಲ್ಲವಾಗುತ್ತಿವೆ. 1998ರ ಪಿಸಿಐ 2.2 ಆವೃತ್ತಿಯಲ್ಲಿ ಎಂಎಸ್‌ಐ ಎಂಬ ಪದ್ಧತಿ ಬಂತು. ಅದರಲ್ಲಿ ಕಾರ್ಡು ತಂತಿ ಎಳೆಯುವುದಿಲ್ಲ. ಕರ್ನಲ್ ಕೊಟ್ಟ ವಿಳಾಸಕ್ಕೆ ಒಂದು ಸಂಖ್ಯೆ ಬರೆಯುತ್ತದೆ. ಸಂಖ್ಯೆ ನೋಡಿದರೆ ಕೂಗಿದವರು ಯಾರೆಂದು ಗೊತ್ತಾಗುತ್ತದೆ. ಮಾಮೂಲಿ ಮಾಹಿತಿಯಂತೆ ಅದು ಬ್ರಿಡ್ಜ್ ಮೂಲಕವೇ ದಾಟುವುದರಿಂದ ಶೇಷದ ಲೆಕ್ಕವೂ ಬೇಡ. ಅನಂತರ ಬಂದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಇದೇ ರೂಢಿ. ಹಳೆಯ ನಾಲ್ಕು ಪಿನ್ನುಗಳ ಕೂಗನ್ನು ಅಲ್ಲಿ ಸಂದೇಶದ ರೂಪದಲ್ಲಿ ಉಳಿಸಿಕೊಂಡಿದ್ದಾರೆ, ಆ ಲೆಕ್ಕ ಅಲ್ಲಿ ಇನ್ನೂ ಬೇಕು.

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರೊಳಗೂ ಇದೇ ಲಿನಕ್ಸ್ ಕರ್ನಲ್ ಇದೆ. ಇದನ್ನು ಓದಲು ನೀವು ಬೆರಳಿಂದ ಪರದೆ ಸರಿಸಿದಾಗಲೂ ಒಳಗೊಂದು ಕೂಗು ಎದ್ದಿತು. ಅದನ್ನು ಯಾರೋ ವಿಚಾರಿಸಿದ್ದರಿಂದಲೇ ನೀವು ಈ ಕೊನೆಯ ಸಾಲಿಗೆ ಬಂದಿರಿ.