ಅಪ್ಪಣೆ ಯಾರದು?

ವಿಷಕನ್ಯೆಗೆ ಹೆಸರಿಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ ಚಂದ್ರಗುಪ್ತನನ್ನು ಕೊಲ್ಲಲೆಂದು ಅಮಾತ್ಯ ರಾಕ್ಷಸ ಕಳಿಸಿದ ಹುಡುಗಿಯನ್ನು ಚಾಣಕ್ಯ ಮಿತ್ರರಾಜ ಪರ್ವತಕನತ್ತ ತಿರುಗಿಸಿಬಿಡುತ್ತಾನೆ. ಅವಳು ರಂಗಕ್ಕೆ ಬರುವುದೂ ಇಲ್ಲ, ಒಂದು ಮಾತಾಡುವುದೂ ಇಲ್ಲ. ಕೆಂಪುನಾರಾಯಣನ 'ಮುದ್ರಾಮಂಜೂಷ'ದ ಮೂಲಕ ಆ ಕಥೆ 1823ರಲ್ಲೇ ಕನ್ನಡ ಗದ್ಯಕ್ಕೆ ಬಂದಿದೆ. ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಬಂದ ಮಧ್ಯಯುಗದ ಹಿನ್ನೆಲೆಯ ಫ್ಯಾಂಟಸಿ ಕಾದಂಬರಿಗಳ ಹಂತಕಿಯನ್ನು ಆ ಮೌನದ ಪಕ್ಕದಲ್ಲಿಟ್ಟು ನೋಡಬೇಕು. ಕೊಲ್ಲೆಂದು ಅಪ್ಪಣೆ ಕೊಟ್ಟವರನ್ನು ಅವಳು ಎಷ್ಟು ಗಟ್ಟಿಯಾಗಿ ಪ್ರಶ್ನಿಸುತ್ತಾಳೆ ಎಂಬುದೇ ಈ ಪ್ರಕಾರದ ಬೆಳವಣಿಗೆಗೆ ಸರಿಯಾದ ಅಳತೆಗೋಲು.

ಮೊದಲು ಬೇಕಿದ್ದದ್ದು ಆಯುಧ ಹಿಡಿಯುವ ಹಕ್ಕು. 1983ರಲ್ಲಿ ಟಮೋರಾ ಪಿಯರ್ಸ್ ಅವರ ಅಲಾನಾ ಗಂಡುವೇಷ ಹಾಕಿ ಯೋಧಳಾಗಲು ಹೊರಟಳು. 2008ರ 'ಗ್ರೇಸ್‌ಲಿಂಗ್'ನಲ್ಲಿ ಕ್ರಿಸ್ಟಿನ್ ಕಶೋರ್ ಆ ಹಕ್ಕಿನ ಕಹಿಯನ್ನು ತೋರಿಸಿದರು: ಕೊಲ್ಲುವ ವರ ಪಡೆದು ಹುಟ್ಟಿದ ಕಟ್ಸಾಳನ್ನು ದೊರೆಯಾದ ಮಾವನೇ ಪ್ರಜೆಗಳನ್ನು ಹೆದರಿಸಲು ಬಳಸುತ್ತಾನೆ, ಅವಳು ಒಂದು ದಿನ ಒಲ್ಲೆನೆನ್ನುತ್ತಾಳೆ. ಸಾರಾ ಜೆ. ಮಾಸ್ ಅವರ 'ಥ್ರೋನ್ ಆಫ್ ಗ್ಲಾಸ್' (2012) ಸರಣಿಯ ಸೆಲೀನಾ, ರಾಜ ಹೇಳಿದವರನ್ನು ಕೊಂದೆನೆಂದು ನಂಬಿಸಿ ಬದುಕಿಸುತ್ತಾಳೆ.

ಅದೇ ವರ್ಷ ಬಂದ ರಾಬಿನ್ ಲಫೀವರ್ಸ್ ಅವರ 'ಗ್ರೇವ್ ಮರ್ಸಿ' ಈ ಪ್ರಶ್ನೆಯನ್ನು ಇತಿಹಾಸದೊಳಕ್ಕೆ ಒಯ್ಯಿತು. ಅದರ ನೆಲ ಇಂದಿನ ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿ. 1488ರಲ್ಲಿ ಡ್ಯೂಕ್ 2ನೇ ಫ್ರಾನ್ಸಿಸ್ ಫ್ರೆಂಚ್ ಸೇನೆಗೆ ಸೋತು, ಕೆಲವೇ ವಾರಗಳಲ್ಲಿ ತೀರಿಕೊಂಡಾಗ ಮಗಳು ಆನ್‌ಗೆ 11 ವರ್ಷ. ರಾಜ್ಯ ಉಳಿಸಿಕೊಳ್ಳಲು ಅವಳ ಬಳಿ ಇದ್ದ ಪಣವೆಂದರೆ ಅವಳ ಮದುವೆಯೊಂದೇ. 1491ರಲ್ಲಿ ಫ್ರಾನ್ಸಿನ ದೊರೆ 8ನೇ ಚಾರ್ಲ್ಸನನ್ನೇ ವರಿಸಬೇಕಾಯಿತು. ಕಾದಂಬರಿಯ ನಾಯಕಿ ಇಸ್ಮೇಯನ್ನೂ ಅಪ್ಪ ಮೂರು ಬೆಳ್ಳಿ ನಾಣ್ಯಕ್ಕೆ ಹಂದಿ ಸಾಕುವವನೊಬ್ಬನಿಗೆ ಕಟ್ಟುತ್ತಾನೆ. ತಾಯಿ ಗರ್ಭ ಇಳಿಸಲು ಕುಡಿದ ವಿಷದ ಕಲೆ ಅವಳ ಎಡ ಭುಜದಿಂದ ಬಲ ಸೊಂಟದವರೆಗೆ ಹರಡಿದೆ. ಅವಳು ಓಡಿಹೋಗಿ ಸೇರುವುದು ಸಾವಿನ ದೇವರು ಮಾರ್ಟೈನನ ಹೆಸರಲ್ಲಿ ಕೊಲ್ಲುವ ಹಂತಕಿಯರ ಕನ್ಯಾಮಠವನ್ನು. ಇತಿಹಾಸಕ್ಕೆ ಮಾಯೆ ಬೆರೆಸಿದರೆ ಸತ್ಯ ಕೆಡುತ್ತದೆಂಬ ಆಕ್ಷೇಪಕ್ಕೆ ಇಲ್ಲೇ ಉತ್ತರವಿದೆ. ರಾಜಕುಮಾರಿಯೂ ರೈತನ ಮಗಳೂ ಒಂದೇ ಸಂತೆಯ ಸರಕಾಗಿದ್ದರೆಂಬ ಸತ್ಯವನ್ನು ಈ ಕಲ್ಪಿತ ಮಠ ನಿಚ್ಚಳವಾಗಿಸುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕೆಟ್ಟವರನ್ನಷ್ಟೇ ಕೊಲ್ಲಿಸಿ, ಲೇಖಕರು ಎಳೆಯ ಓದುಗರಿಗೆ ಹಿಂಸೆಯನ್ನು ಸಿಹಿ ಮಾಡಿ ಉಣಿಸುತ್ತಾರೆ ಎಂಬುದು. ಕಠಾರಿಯ ಸೊಗಸಿಗೆ ಮರುಳಾದ ಪುಟಗಳು ಈ ಕೃತಿಗಳಲ್ಲಿವೆ, ನಿಜ. ಆದರೆ ಇಸ್ಮೇ ಸಾಯಬೇಕಾದವರ ಮೈಮೇಲೆ ಕಪ್ಪು ಗುರುತು ಕಂಡೇ ಕೊಲ್ಲುವವಳು. ಆ ಗುರುತು ಸಾವಿನ ಮುನ್ಸೂಚನೆ ಮಾತ್ರ, ಕೊಲ್ಲೆಂಬ ಅಪ್ಪಣೆಯಲ್ಲ ಎಂದು ಅವಳಿಗೆ ಹೊಳೆಯುವಾಗ ಮಠದ ಮಾತಿನ ಆಸರೆ ಕುಸಿಯುತ್ತದೆ. ಓದುಗರಿಗಿದ್ದ ನೆಮ್ಮದಿಯೂ ಅದರೊಂದಿಗೇ ಹೋಗುತ್ತದೆ. ಹಿರಿಯರು ಧರ್ಮವೆಂದು ಹೇಳಿದ್ದನ್ನು ತಾನೇ ತೂಗಿ ನೋಡುವ ವಯಸ್ಸಿನವರಿಗೆ ಇದಕ್ಕಿಂತ ಹೊಣೆಯರಿತ ಕಥೆ ಯಾವುದು? ವಿಷಕನ್ಯೆಯ ಸ್ಪರ್ಶ ಕೊಲ್ಲುತ್ತಿತ್ತು. ಇಸ್ಮೇ ಕೊನೆಗೆ ತನ್ನ ಸ್ಪರ್ಶದಿಂದಲೇ ಪ್ರಿಯಕರನ ಮೈಯ ವಿಷವನ್ನು ಹೀರಿ ತೆಗೆಯುತ್ತಾಳೆ.