ಫರಂಗಿಪೇಟೆಯಿಂದ ಬಾಂದ್ರಾಕ್ಕೆ: ಸೆಪ್ಟೆಂಬರ್ 8ರ ಕಥೆ

ಇವತ್ತಿನ ಮಾತು ಒಂದು ತಾರೀಖಿನ ಬಗ್ಗೆ. ಸೆಪ್ಟೆಂಬರ್ 8. ಕ್ಯಾಥೊಲಿಕ್ ಕ್ರೈಸ್ತರು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ ಆಚರಿಸೋ ದಿನ ಇದು. ಮಂಗಳೂರು ಕಡೆಯವರಿಗೆ ಇದು ಮೊಂತಿ ಹಬ್ಬ, ತೆನೆ ಹಬ್ಬ. ಮುಂಬೈಯವರಿಗೆ ಬಾಂದ್ರಾ ಜಾತ್ರೆ. 8ರ ನಂತರದ ಭಾನುವಾರದಿಂದ ಒಂದು ವಾರ ಮೌಂಟ್ ಮೇರಿ ಬೆಟ್ಟದ ಸುತ್ತ ಕಾಲಿಡೋಕೆ ಜಾಗ ಇರಲ್ಲ. ಬಿಕೆಸಿಯಲ್ಲಿ ಕೆಲಸ ಮಾಡೋ ನಮ್ಮವರಿಗೆ ಆ ವಾರ ಗೊತ್ತಾಗೋದು ಮೊದಲು ಟ್ರಾಫಿಕ್‌ನಿಂದ, ಆಮೇಲೆ ಹಬ್ಬದಿಂದ!

ನಾವೆಲ್ಲ ಊರು ಬಿಟ್ಟು ಬಂದವರು. ಬರುವಾಗ ಲ್ಯಾಪ್‌ಟಾಪ್ ತಂದ್ವಿ, ಡಿಗ್ರಿ ಸರ್ಟಿಫಿಕೇಟ್ ತಂದ್ವಿ, ಉಪ್ಪಿನಕಾಯಿ ಡಬ್ಬಿ ತಂದ್ವಿ. ಊರಿನ ದೇವಸ್ಥಾನವನ್ನೋ ಇಗರ್ಜಿಯನ್ನೋ ತರೋಕಾಗಲ್ಲ. ಹಾಗಾದ್ರೆ ಊರು ಬಿಟ್ಟ ಮನುಷ್ಯ ದೇವರಿಗೆ ಹತ್ತಿರ ಇರೋದು ಹೇಗೆ? ಕರಾವಳಿಯಿಂದ ಮುಂಬೈಗೆ ಬಂದ ಕ್ರೈಸ್ತರ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಇದೆ. ಅವರು ಮೂರು ವಸ್ತು ಹೊತ್ತು ತಂದರು: ಬಾಯಿಪಾಠವಾದ ಮಾತು, ನಡೆಯೋ ದಾರಿ, ಒಂದು ನಿಗದಿತ ದಿನ. ಪವಾಡಗಳ ಕಥೆಗಳೂ ಇವೆ, ಇಲ್ಲ ಅಂತಲ್ಲ. ಆದರೆ ನಂಬಿಕೆಯನ್ನು ಉಳಿಸಿದ್ದು ಈ ಮೂರು. ಒಂದೊಂದಾಗಿ ನೋಡೋಣ.

ಮೊದಲನೆಯದು: ಬಾಯಿಪಾಠವಾದ ಮಾತು

1579ರಲ್ಲಿ ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಜೆಸ್ವಿತ್ ಪಾದ್ರಿ ಗೋವಾಕ್ಕೆ ಬಂದರು. ಊರಿನ ಭಾಷೆ ಕಲಿತರು. ಅವರು ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ, ಅಂದ್ರೆ ಅವರು ತೀರಿಕೊಂಡ ಮೇಲೆ, ಅಚ್ಚಾಯಿತು. ಅದರ ಹೆಸರಲ್ಲಿ ಪೋರ್ಚುಗೀಸರು ಕೊಂಕಣಿಯನ್ನು ಕರೆದದ್ದು 'ಕನಾರಿಂ' ಅಂತ. ನಮ್ಮ ಕಿವಿಗೆ ಇದು 'ಕನ್ನಡ' ಅಂತಲೇ ಬೀಳುತ್ತೆ, ಅಲ್ವಾ? ಆದರೆ ಸ್ಟೀಫನ್ಸರ ದೊಡ್ಡ ಕೆಲಸ ಬೇರೆ. 1616ರಲ್ಲಿ ಅವರ 'ಕ್ರಿಸ್ತ ಪುರಾಣ' ಪ್ರಕಟವಾಯಿತು. ಬೈಬಲಿನ ಕಥೆಯನ್ನು ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಹಾಡೋಕೆ ಬರೋ ಹಾಗೆ ಬರೆದ ಕಾವ್ಯ. ಸುಮಾರು 11,000 ಓವಿಗಳು.

ಇದರ ಮಹತ್ವ ಯಾಕೆ ಅಂದ್ರೆ, ಆಗ ಪೂಜೆ ನಡೀತಾ ಇದ್ದದ್ದು ಲ್ಯಾಟಿನ್‌ನಲ್ಲಿ. ಜನಭಾಷೆಯಲ್ಲಿ ಪೂಜೆಗೆ ದಾರಿ ತೆರೆದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ. ಅಲ್ಲಿಯವರೆಗೆ ಸಾಮಾನ್ಯ ಮನುಷ್ಯನಿಗೆ ದೇವರ ವಾಕ್ಯ ತನ್ನ ಭಾಷೆಯಲ್ಲಿ ಸಿಗ್ತಾ ಇದ್ದದ್ದು ಇಂಥ ಹಾಡುಗಳಲ್ಲಿ, ಮನೆಯ ಪ್ರಾರ್ಥನೆಗಳಲ್ಲಿ. 1684ರಲ್ಲಿ ಪೋರ್ಚುಗೀಸ್ ಸರ್ಕಾರ ಗೋವಾದ ಜನ ಮೂರು ವರ್ಷದೊಳಗೆ ತಮ್ಮ ಭಾಷೆ ಬಿಟ್ಟು ಪೋರ್ಚುಗೀಸ್ ಆಡಬೇಕು ಅಂತ ಆಜ್ಞೆ ಹೊರಡಿಸಿತು. ಆಜ್ಞೆ ಕಾಗದದಲ್ಲಿ ಉಳಿಯಿತು. ಭಾಷೆ ಬಾಯಲ್ಲಿ ಉಳಿಯಿತು.

ಗೋವಾದಿಂದ ದಕ್ಷಿಣಕ್ಕೆ, ಕೆನರಾ ಕರಾವಳಿಗೆ ಬಂದು ನೆಲೆಸಿದ ಕ್ರೈಸ್ತರು ಈ ಓವಿಗಳನ್ನು ಜೊತೆಗೆ ತಂದರು. 1784ರಲ್ಲಿ ಟಿಪ್ಪು ಸುಲ್ತಾನ್ ಈ ಸಮುದಾಯವನ್ನು, ಬ್ರಿಟಿಷರಿಗೆ ಸಹಾಯ ಮಾಡಿದರು ಅನ್ನೋ ಆರೋಪದ ಮೇಲೆ, ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಜನ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ವಾದ ಇದೆ. ಸೆರೆ ಮುಗಿದದ್ದು 1799ರಲ್ಲಿ. ಹದಿನೈದು ವರ್ಷ. ಆ ವರ್ಷಗಳಲ್ಲಿ ಇಗರ್ಜಿ ಇಲ್ಲ, ಹಬ್ಬ ಇಲ್ಲ. ಬಾಯಿಪಾಠವಾಗಿದ್ದ ಕ್ರಿಸ್ತ ಪುರಾಣದ ಓವಿಗಳೇ ಸಮಾಧಾನ ಕೊಟ್ಟವು ಅಂತ ಸಮುದಾಯದ ನೆನಪು ಹೇಳುತ್ತೆ. ಆ ಕಾವ್ಯದ ಮೊದಲ ಮುದ್ರಣಗಳ ಒಂದು ಪ್ರತಿಯೂ ಈಗ ಉಳಿದಿಲ್ಲ. ಕೈಬರಹದ ಪ್ರತಿಗಳನ್ನು ಕೂಡಿಸಿ ಜೆ. ಎಲ್. ಸಲ್ಡಾನ್ಹಾ ಅವರು 1907ರಲ್ಲಿ ಮತ್ತೆ ಪ್ರಕಟಿಸಿದರು. ಎಲ್ಲಿ? ಮಂಗಳೂರಿನಲ್ಲಿ. ಗೋವಾದ ಕಾವ್ಯವನ್ನು ಕಾಪಾಡಿದ್ದು ಊರು ಬಿಟ್ಟು ಹೋದವರ ಮೊಮ್ಮಕ್ಕಳು.

ಎರಡನೆಯದು: ನಡೆಯೋ ದಾರಿ

ಈಗ ಎರಡು ಬೆಟ್ಟಗಳ ಕಥೆ. ಮೊದಲ ಬೆಟ್ಟ ಮಂಗಳೂರಿನ ಹತ್ತಿರ, ನೇತ್ರಾವತಿ ದಡದ ಫರಂಗಿಪೇಟೆಯದು. ಅಲ್ಲಿನ ಇಗರ್ಜಿಯ ಹೆಸರು ಮೊಂತೆ ಮರಿಯಾನೊ, ಅಂದ್ರೆ ಮರಿಯಮ್ಮನ ಬೆಟ್ಟ. ಗೋವಾ ಮೂಲದ ಜೋಕಿಂ ಮಿರಾಂದಾ ಅನ್ನೋ ಪಾದ್ರಿ 1763ರಲ್ಲಿ ಅಲ್ಲಿ ಮೊಂತಿ ಹಬ್ಬ ಶುರು ಮಾಡಿದರು ಅಂತ ಪರಂಪರೆ. 'ಮೊಂತಿ' ಅನ್ನೋ ಮಾತು ಬಂದದ್ದೇ ಈ 'ಮೊಂತೆ'ಯಿಂದ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನ ಪಾದಕ್ಕೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಅದನ್ನು ಮನೆಗೆ ತಂದು ಹೊಸ ಅಕ್ಕಿಯ ಜೊತೆ ಊಟ. ಆ ದಿನ ಮೀನು ಮಾಂಸ ಇಲ್ಲ, ಬರೀ ತರಕಾರಿ. ಕೊಡಗಿನ ಹುತ್ತರಿ ಗೊತ್ತಿರೋರಿಗೆ, ತುಳುನಾಡಿನ ಕೊರಲ್ ಹಬ್ಬ ಗೊತ್ತಿರೋರಿಗೆ ಇದು ಪರಿಚಯದ ಹಬ್ಬವೇ.

ಎರಡನೇ ಬೆಟ್ಟ ಬಾಂದ್ರಾದ್ದು. ಮೌಂಟ್ ಮೇರಿ ಅಂದ್ರೂ ಮರಿಯಮ್ಮನ ಬೆಟ್ಟವೇ. ಸುತ್ತಲಿನ ಕೋಳಿ ಮೀನುಗಾರರ ಬಾಯಲ್ಲಿ 'ಮೋತ್ ಮಾವ್ಲಿ'. 16ನೇ ಶತಮಾನದಲ್ಲಿ ಜೆಸ್ವಿತರು ಅಲ್ಲಿ ಒಂದು ಸಣ್ಣ ಪ್ರಾರ್ಥನಾಲಯ ಕಟ್ಟಿದ್ದರು. ಚಿನ್ನದ ಆಸೆಗೆ ಕಡಲ್ಗಳ್ಳರು ಬಂದು ವಿಗ್ರಹದ ಬಲಗೈ ಕತ್ತರಿಸಿದರು ಅನ್ನೋ ಕಥೆ ಇದೆ. ಇನ್ನೊಂದು ಕಥೆಯಲ್ಲಿ ಒಬ್ಬ ಕೋಳಿ ಮೀನುಗಾರನಿಗೆ ಕನಸು ಬಿತ್ತು, ಕನಸಲ್ಲಿ ಕಂಡ ಹಾಗೇ ಸಮುದ್ರದಲ್ಲಿ ವಿಗ್ರಹ ಸಿಕ್ಕಿತು.

ನನಗೆ ಮುಖ್ಯ ಅನ್ನಿಸೋದು ಮೂರನೇ ಕಥೆ. 1739ರಲ್ಲಿ ಚಿಮಾಜಿ ಅಪ್ಪನ ಮರಾಠಾ ಸೈನ್ಯ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದಿತು. ಬಾಂದ್ರಾ ಸೇರಿದಂತೆ ಸಾಷ್ಟಿ ದ್ವೀಪವೂ ಕೈಬದಲಾಯಿತು. ಆ ಗಲಾಟೆಯ ಕಾಲದಲ್ಲಿ ಬೆಟ್ಟದ ಪ್ರಾರ್ಥನಾಲಯ ಹಾಳಾಯಿತು. ಆಗ ಮರಿಯಮ್ಮನ ಬಿಂಬವನ್ನು ಕೊಲ್ಲಿ ದಾಟಿಸಿ ಮಾಹಿಮ್‌ನ ಸೇಂಟ್ ಮೈಕಲ್ ಇಗರ್ಜಿಗೆ ತಂದರು, 1761ರವರೆಗೆ ಅಲ್ಲೇ ಇತ್ತು ಅಂತ ಆ ಇಗರ್ಜಿಯ ಇತಿಹಾಸ ಹೇಳುತ್ತೆ. ಈಗ ಬಾಂದ್ರಾದಿಂದ ಮಾಹಿಮ್‌ಗೆ ಲೋಕಲ್‌ನಲ್ಲಿ ಒಂದೇ ಸ್ಟೇಷನ್. ಆಗ ಅದು ಗಡಿ ದಾಟೋದು. ಮಾಹಿಮ್ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿಯಲ್ಲಿ. ಅಂದ್ರೆ ಈ ತಾಯಿ ಇಪ್ಪತ್ತೆರಡು ವರ್ಷ ಇನ್ನೊಬ್ಬರ ನೆಲದಲ್ಲಿ, ಇನ್ನೊಬ್ಬರ ಮನೆಯಲ್ಲಿ ಆಶ್ರಯ ಪಡೆದವಳು. ಊರು ಬಿಟ್ಟವರು ಇವಳ ಹತ್ತಿರ ಬರೋದರಲ್ಲಿ ಆಶ್ಚರ್ಯ ಏನಿದೆ?

ಆ ಕೊಲ್ಲಿಯನ್ನು ಜನ ತುಂಬಾ ಕಾಲ ದೋಣಿಯಲ್ಲೇ ದಾಟಬೇಕಿತ್ತು. ಮಳೆಗಾಲದಲ್ಲಿ ಅದು ಪ್ರಾಣದ ಜೊತೆ ಆಟ. 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಅದಕ್ಕೆ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು ಕೊಟ್ಟದ್ದು ಒಬ್ಬ ಪಾರ್ಸಿ ಹೆಣ್ಣುಮಗಳು, ಸರ್ ಜಮ್ಶೆಟ್ಜಿ ಜೀಜೀಭಾಯ್ ಅವರ ಪತ್ನಿ ಅವಾಬಾಯಿ. ದಾಟೋರಿಂದ ಸುಂಕ ತಗೋಬಾರದು ಅನ್ನೋದು ಅವರ ಷರತ್ತಾಗಿತ್ತು ಅಂತ ಹೇಳುತ್ತಾರೆ. ಸೀ ಲಿಂಕ್‌ನಲ್ಲಿ ಫಾಸ್ಟ್ಯಾಗ್ ಬೀಪ್ ಅಂದಾಗ ಅವರನ್ನು ನೆನೆಸಿಕೊಳ್ಳಿ! ಬೆಟ್ಟದ ಮೇಲಿನ ಈಗಿನ ಕಟ್ಟಡ 1904ರದ್ದು. ಅದರ ವಾಸ್ತುಶಿಲ್ಪಿ ಶಾಪೂರ್ಜಿ ಚಾಂದಾಭಾಯ್, ಅವರೂ ಪಾರ್ಸಿ. 1954ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅದಕ್ಕೆ ಬೆಸಿಲಿಕಾ ಸ್ಥಾನ ಕೊಟ್ಟರು. ಒಬ್ಬರ ಯಾತ್ರೆಗೆ ಇನ್ನೊಬ್ಬರು ದಾರಿ ಮಾಡಿಕೊಟ್ಟ ಕಥೆ ಇದು.

ಬೆಟ್ಟದ ದಾರಿಯಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮನೆ, ಮೇಣದ ಮಗು ಮಾರುತ್ತಾರೆ. ಕಾಲು ನೋವಿದ್ದವರು ಕಾಲು ಅರ್ಪಿಸುತ್ತಾರೆ, ಮನೆ ಬೇಕಾದವರು ಮನೆ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕೈಕಾಲು ಹರಕೆ ಒಪ್ಪಿಸೋದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬೈಯಲ್ಲಿ ಮೇಣದ ಮನೆ ಯಾಕೆ ಅಷ್ಟು ಬೇಕಾಗುತ್ತೆ ಅನ್ನೋದನ್ನು ಹೋಮ್ ಲೋನ್ ಕಟ್ಟೋರಿಗಂತೂ ಹೇಳಲೇಬೇಕಾಗಿಲ್ಲ.

ಮೂರನೆಯದು: ಒಂದು ನಿಗದಿತ ದಿನ

ಕರಾವಳಿಯ ಜನ ಮೊದಲು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, 1998ರ ನಂತರ ಕೊಂಕಣ ರೈಲಿನಲ್ಲಿ ಮುಂಬೈಗೆ ಬಂದರು. ಹೋಟೆಲ್, ಬ್ಯಾಂಕು, ಗುಮಾಸ್ತಗಿರಿ, ಆಸ್ಪತ್ರೆ, ಹಡಗು. ಗೋವಾದಿಂದ ಬಂದವರು ಧೋಬಿ ತಲಾವ್, ಮಜ್‌ಗಾಂವ್ ಕಡೆ 'ಕೂಡ್' ಅಂತ ಮಾಡಿಕೊಂಡರು. ಒಂದು ಹಳ್ಳಿಯವರಿಗೆ ಒಂದು ಕೂಡ್. ನಮ್ಮ ಇವತ್ತಿನ ಪಿಜಿ ಇದ್ದ ಹಾಗೆ. ಆದರೆ ಒಂದು ವ್ಯತ್ಯಾಸ: ಅಲ್ಲಿ ಒಂದು ಪೀಠ, ಸಂಜೆ ಎಲ್ಲರೂ ಕೂಡಿ ಜಪಮಾಲೆ. ಕೆಲಸ ಹುಡುಕೋಕೆ ಬಂದ ಹುಡುಗನಿಗೆ ಹಾಸಿಗೆ ಎಷ್ಟು ಮುಖ್ಯವೋ ಆ ಸಂಜೆಯ ಪ್ರಾರ್ಥನೆಯೂ ಅಷ್ಟೇ ಮುಖ್ಯ ಅಂತ ಅವರು ಅಂದುಕೊಂಡಿದ್ದರು.

1948ರ ಸೆಪ್ಟೆಂಬರ್ 8ರಂದು, ಅದೇ ತಾರೀಖಿನಂದು, ಮಾಹಿಮ್‌ನ ಸೇಂಟ್ ಮೈಕಲ್ ಇಗರ್ಜಿಯಲ್ಲಿ ನಿತ್ಯಸಹಾಯ ಮಾತೆಯ ನೊವೆನಾ ಶುರುವಾಯಿತು. ಪ್ರತಿ ಬುಧವಾರ. ಒಂಬತ್ತು ಬುಧವಾರ ಬಿಡದೆ ಬರಬೇಕು ಅನ್ನೋದು ಹರಕೆ. ಲ್ಯಾಟಿನ್‌ನಲ್ಲಿ 'ನೊವೆಂ' ಅಂದ್ರೆ ಒಂಬತ್ತು. ಮೊಂತಿ ಹಬ್ಬದ ಹೊಸ ತೆನೆಗೆ ಕೊಂಕಣಿಯಲ್ಲಿ 'ನವೆಂ' ಅಂತಾರೆ, ಅದರರ್ಥ ಹೊಸದು. ನಮ್ಮ 'ನವ' ಅನ್ನೋ ಒಂದೇ ಮಾತಿಗೆ ಎರಡೂ ಅರ್ಥ ಇದೆ ನೋಡಿ.

ಈ ಒಂಬತ್ತರ ಮೂಲ ಬೈಬಲಿನಲ್ಲೇ ಇದೆ. ಪ್ರೇಷಿತರ ಕಾರ್ಯಕಲಾಪಗಳು ಅನ್ನೋ ಗ್ರಂಥದ ಮೊದಲ ಅಧ್ಯಾಯದಲ್ಲಿ, ಯೇಸು ಸ್ವರ್ಗಕ್ಕೆ ಏರಿದ ಮೇಲೆ ಶಿಷ್ಯರು ಮತ್ತು ಮರಿಯಮ್ಮ ಒಂದು ಮಾಳಿಗೆಯ ಕೋಣೆಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಾ ಕಾಯುತ್ತಾರೆ. ಸ್ವರ್ಗಾರೋಹಣಕ್ಕೂ ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ಹಬ್ಬಕ್ಕೂ ನಡುವೆ ಒಂಬತ್ತು ದಿನ. ಅಂದ್ರೆ ನೊವೆನಾ ಅನ್ನೋದು ಮೂಲದಲ್ಲಿ ಕೇಳೋದಕ್ಕಿಂತ ಹೆಚ್ಚಾಗಿ ಕಾಯೋದು. ಮಾಹಿಮ್‌ಗೆ ಬುಧವಾರ ಬರೋರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಪಾರ್ಸಿಗಳಿದ್ದಾರೆ. ಬಹಳ ಜನ ಏನೋ ಕೇಳೋಕೆ ಬರುತ್ತಾರೆ. ಒಂಬತ್ತು ವಾರ ಬಂದ ಮೇಲೆ ಎಷ್ಟೋ ಜನರಿಗೆ ಬರೋದೇ ಅಭ್ಯಾಸ ಆಗುತ್ತೆ. ಭಕ್ತಿ ಬೆಳೆಯೋದು ಅಲ್ಲೇ. ಕ್ಯಾಲೆಂಡರ್‌ನಲ್ಲಿ ಒಂದು ದಿನವನ್ನು ಯಾವ ಮೀಟಿಂಗಿಗೂ ಬಿಟ್ಟುಕೊಡದೆ ಇಟ್ಟುಕೊಂಡವರಿಗೆ ಇದು ಅರ್ಥವಾಗುತ್ತೆ.

ಹಬ್ಬದ ದಿನ ಓದೋ ಭಾಗ

ಈಗ ಇವತ್ತಿನ ಮಾತಿನ ತಿರುಳಿಗೆ ಬರ್ತೀನಿ. ಮರಿಯಮ್ಮನ ಹುಟ್ಟಿನ ಕಥೆ ಬೈಬಲಿನಲ್ಲಿ ಇಲ್ಲ. ಹಾಗಾದ್ರೆ ಸೆಪ್ಟೆಂಬರ್ 8ರ ಪೂಜೆಯಲ್ಲಿ ಯಾವ ಸುವಾರ್ತೆ ಓದುತ್ತಾರೆ? ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಇವನಿಂದ ಅವನು, ಅವನಿಂದ ಇನ್ನೊಬ್ಬ ಅಂತ ಹೆಸರುಗಳ ಸಾಲು. ಬಹಳ ಜನ ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಸ್ವಲ್ಪ ನಿಂತು ನೋಡಿದರೆ ಮತ್ತಾಯ ಒಂದು ಲೆಕ್ಕ ಕೊಡುತ್ತಾನೆ: ಅಬ್ರಹಾಮನಿಂದ ದಾವೀದನವರೆಗೆ ಹದಿನಾಲ್ಕು ತಲೆಮಾರು, ದಾವೀದನಿಂದ ಬಾಬಿಲೋನಿನ ಗಡೀಪಾರಿನವರೆಗೆ ಹದಿನಾಲ್ಕು, ಗಡೀಪಾರಿನಿಂದ ಕ್ರಿಸ್ತನವರೆಗೆ ಹದಿನಾಲ್ಕು.

ಗಮನಿಸಿ. ಒಂದು ವಂಶದ ಕಥೆಯಲ್ಲಿ ಮೈಲಿಗಲ್ಲಾಗಿ ನಿಂತಿರೋದು ಒಬ್ಬ ಪಿತಾಮಹ, ಒಬ್ಬ ರಾಜ, ಮತ್ತು ಒಂದು ಗಡೀಪಾರು. ಊರು ಕಳಕೊಂಡ ಘಟನೆಯನ್ನು ಮತ್ತಾಯ ಮುಚ್ಚಿಡಲಿಲ್ಲ, ಎಣಿಕೆಯಲ್ಲಿ ಸೇರಿಸಿದ. ಆ ಪಟ್ಟಿಯಲ್ಲಿ ರೂತಳೂ ಇದ್ದಾಳೆ. ಮೋವಾಬಿನವಳು, ಅತ್ತೆಯ ಹಿಂದೆ ಪರದೇಶಕ್ಕೆ ನಡೆದು ಬಂದು ಇನ್ನೊಬ್ಬರ ಹೊಲದಲ್ಲಿ ತೆನೆ ಆಯ್ದವಳು. ತೆನೆ ಹಬ್ಬದ ದಿನ ಅವಳ ಹೆಸರು ಓದೋದು ಎಷ್ಟು ಸರಿಯಾಗಿ ಹೊಂದುತ್ತೆ!

1799ರ ನಂತರ ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಮರಳಿದವರ ಕಿವಿಗೆ ಈ ಅಧ್ಯಾಯ ಬರೀ ಹೆಸರುಗಳ ಪಟ್ಟಿಯಾಗಿ ಕೇಳಿಸಿರಲಿಕ್ಕಿಲ್ಲ. ಮುಂಬೈಗೆ ಬಂದ ಅವರ ಮೊಮ್ಮಕ್ಕಳಿಗೂ ಅಷ್ಟೇ. ಊರು ಬಿಟ್ಟ ಮಾತ್ರಕ್ಕೆ ದೇವರ ಲೆಕ್ಕದಿಂದ ಹೊರಗೆ ಬೀಳಲ್ಲ ಅನ್ನೋದು ಆ ಅಧ್ಯಾಯದ ಅರ್ಥ.

ಹಾಗಾದ್ರೆ ಈಗ ಕೈತಪ್ಪೋ ಭಯ ಇರೋದು ಯಾವುದು? ಬೆಟ್ಟ ಅಲ್ಲೇ ಇದೆ, ಬುಧವಾರವೂ ಇದೆ. ಭಯ ಮೊದಲನೆಯದರ ಬಗ್ಗೆ, ಬಾಯಿಪಾಠವಾದ ಮಾತಿನ ಬಗ್ಗೆ. ಮಂಗಳೂರು ಕ್ಯಾಥೊಲಿಕರು ಕೊಂಕಣಿ ಪ್ರಾರ್ಥನೆಗಳನ್ನು ಬರೆದುಕೊಂಡದ್ದು ನಮ್ಮ ಕನ್ನಡ ಲಿಪಿಯಲ್ಲಿ. 1938ರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆ ಅಚ್ಚಾಗೋದು ಕನ್ನಡ ಲಿಪಿಯಲ್ಲೇ. ಮುಂಬೈಯಲ್ಲೋ, ಪುಣೆಯಲ್ಲೋ, ದುಬೈಯಲ್ಲೋ ಬೆಳೆದ ಮಕ್ಕಳಿಗೆ ಆ ಲಿಪಿ ಬರಲ್ಲ. ಅಜ್ಜಿಯ ಪ್ರಾರ್ಥನೆ ಪುಸ್ತಕ ಕಪಾಟಿನಲ್ಲಿ ಇರುತ್ತೆ, ಓದೋರು ಇರಲ್ಲ. ಇದು ಕ್ರೈಸ್ತರ ಮನೆಯ ಕಥೆ ಮಾತ್ರ ಅಲ್ಲ. ವಚನದ ಪುಸ್ತಕ ಇರೋ ಮನೆಯಲ್ಲೂ, ದಾಸರ ಪದದ ಪುಸ್ತಕ ಇರೋ ಮನೆಯಲ್ಲೂ ಇದೇ ನಡೀತಾ ಇದೆ.

ಹದಿನೈದು ವರ್ಷದ ಸೆರೆಯಲ್ಲಿ ಉಳಿದದ್ದು ಬಾಯಲ್ಲಿದ್ದ ಮಾತು. ಅದಕ್ಕೇ ನಮ್ಮ ಮಕ್ಕಳಿಗೆ ಎಲ್ಲ ಕಲಿಸೋಕೆ ಆಗದಿದ್ದರೂ ಒಂದು ಪ್ರಾರ್ಥನೆ, ಪೂರ್ತಿ, ನಮ್ಮ ಭಾಷೆಯಲ್ಲಿ, ಬಾಯಿಪಾಠ ಮಾಡಿಸೋಣ. ಮುಂಬೈಯಲ್ಲಿರೋರು ಈ ಸೆಪ್ಟೆಂಬರ್‌ನಲ್ಲಿ ಬಾಂದ್ರಾ ಬೆಟ್ಟ ಹತ್ತಿ ಬನ್ನಿ, ಯಾವ ಧರ್ಮದವರಾದರೂ ಸರಿ. ಆಗುವಂತಿದ್ದರೆ ಮಾಹಿಮ್‌ನಿಂದ ಕಾಸ್‌ವೇ ಮೇಲೆ ನಡೆದೇ ಹೋಗಿ. ಜೊತೆಗೆ ಮಕ್ಕಳನ್ನೂ ಕರ್ಕೊಂಡು ಹೋಗಿ, ದಾರಿಯಲ್ಲಿ ಈ ಕಥೆ ಹೇಳಿ.